ಗಾರ್ಡನ್ನಿನಲ್ಲಿ ಕೂಗಿದ ಹೆಸರು

ನಮ್ಮ ಮನೆಯಲ್ಲಿ ತಿರುಗಾಟವೆಂದರೆ ಹುಬ್ಬಳ್ಳಿಯ ಗಾರ್ಡನ್ನು. ಅಪ್ಪ ಗುಡಗೇರಿಯ ಒಂದು ಅಡತಿ ಅಂಗಡಿಯಲ್ಲಿ ಕಾಳುಕಡಿ ತೂಗಿಸುವ ಕೆಲಸದಲ್ಲಿದ್ದ. ಆ ಅಂಗಡಿಗೆ ರವಿವಾರದ ರಜೆ ಇರಲಿಲ್ಲ, ಅಮವಾಸ್ಯೆಗೆ ಮಾತ್ರ ಬಾಗಿಲು ಹಾಕುತ್ತಿದ್ದರು. ಆದ್ದರಿಂದ ಬೇರೆಯವರು ಊರು ಬಿಡಲು ಅಂಜುವ ದಿನವೇ ನಾವು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದೆವು. ಎಲ್ಲ ಅಮವಾಸ್ಯೆಗೂ ಅಲ್ಲ. ಹೊಲದ ಕೆಲಸ ಇಲ್ಲದಾಗ, ಯಾರಿಗೂ ಜ್ವರ ಇಲ್ಲದಾಗ, ಅಪ್ಪನ ಮನಸ್ಸು ಹಗುರಾಗಿದ್ದಾಗ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಕೆಯ ತಕರಾರು ಪ್ರತಿ ಸಲವೂ ಒಂದೇ.

"ಅಮಾಸಿ ದಿನ ಯಾರರ ಊರ ಬಿಡತಾರೇನೋ?"

"ಉಳಿದ ದಿನ ಸಾಹುಕಾರ ಬಿಡಂಗಿಲ್ಲ ಬೇ," ಎನ್ನುತ್ತಿದ್ದ ಅಪ್ಪ.

"ಅಂದ್ರ ಅಮಾಸಿಗಿಂತ ನಿಮ್ಮ ಸಾಹುಕಾರ ದೊಡ್ಡಾವ ಅನ್ನು."

ಹೀಗೆ ಅನ್ನುತ್ತಲೇ ಆಕೆ ರೊಟ್ಟಿ ಎಣ್ಣಿಗಾಯಿಯ ಗಂಟು ಬಿಗಿಯುತ್ತಿದ್ದಳು. ಮೊಸರಿನ ಗಡಿಗೆಯನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ರೈಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಕಲ್ಲಿದ್ದಲಿನ ಕರಿ ಬೀಳದಂತೆ ಸೆರಗು ಮುಚ್ಚಿ ಕೂಡುತ್ತಿದ್ದಳು.

ಮೊದಲ ಸಲ ಗಾರ್ಡನ್ನಿಗೆ ಹೋದಾಗ ಆಕೆ ಗೇಟಿನಲ್ಲೇ ನಿಂತುಬಿಟ್ಟಿದ್ದಳು.

"ಇಷ್ಟ ಜಮೀನಾ! ಏನ ಬೆಳಿತಾರೋ ಇದರಾಗ?"

"ಹುಲ್ಲ ಬೇ."

"ದನ ಎಲ್ಲಿ ಅದಾವ?"

"ದನಾ ಇಲ್ಲ. ಮಂದಿ ಕುಂಡ್ರಾಕ ಬೆಳಸ್ಯಾರ."

"ಮಂದಿ ಕುಂಡ್ರಾಕ? ಮತ್ತ ಅಂವ ಬಡಿಗಿ ಹಿಡಕೊಂಡ ಮಂದೀನ ಹುಲ್ಲಿಂದ ಎಬ್ಬಸಾಕತ್ತಾನಲ್ಲೋ?"

ನಿಜಕ್ಕೂ ಕಾವಲುಗಾರನೊಬ್ಬ ಸೀಟಿ ಊದುತ್ತ ಜನರನ್ನು ಹುಲ್ಲಿನಿಂದ ಎಬ್ಬಿಸುತ್ತಿದ್ದ. ಎಲ್ಲಿ ಕೂಡಬಹುದು, ಎಲ್ಲಿ ಕೂಡಬಾರದು ಎಂಬುದನ್ನು ತಿಳಿಯಲು ನಮಗೆ ಎರಡು ಮೂರು ತಿರುಗಾಟಗಳೇ ಬೇಕಾದವು. ಕೊನೆಗೆ ಒಂದು ಬೇವಿನ ಮರದ ಬುಡ ನಮ್ಮದಾಯಿತು. ಅಲ್ಲಿಂದ ಬಲಕ್ಕೆ ಮಕ್ಕಳ ಆಟದ ಬಯಲು. ಅದರಲ್ಲಿ ಕಬ್ಬಿಣದ ಜೋಕಾಲಿಗಳಿದ್ದವು, ಸಿಮೆಂಟಿನ ಆನೆ ಇತ್ತು. ಆನೆಯ ಬಾಲದ ಕಡೆಯಿಂದ ಮೆಟ್ಟಿಲು ಹತ್ತಿ ಸೊಂಡಿಲಿನ ಕಡೆ ಜಾರಿ ಬೀಳಬೇಕು. ಎಡಕ್ಕೆ ತಾವರೆಯ ಹೊಂಡ. ನಡುವೆ ಒಂದು ಗುಂಡನೆಯ ಕೋಣೆ. ಅದನ್ನು ಎಲ್ಲರೂ ರೇಡಿಯೋ ಮನೆ ಅನ್ನುತ್ತಿದ್ದರು. ಅದರೊಳಗೆ ಒಬ್ಬ ಕೂತು ರೇಡಿಯೋ ಹಚ್ಚುತ್ತಿದ್ದ. ಅದರ ದನಿ ಕಂಬಗಳಿಗೆ ಕಟ್ಟಿದ ಭೋಂಗಾಗಳಿಂದ ಗಾರ್ಡನ್ನಿನ ಎಲ್ಲ ಮೂಲೆಗೂ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಮರಗಳೇ ಹಾಡುತ್ತಿವೆ ಎಂಬ ಹಾಗೆ ನನಗೆ ತೋರುತ್ತಿತ್ತು.

ಆ ಗಾರ್ಡನ್ನಿನಲ್ಲಿ ನನ್ನ ತಮ್ಮ ಕಳೆದುಹೋದ ದಿನವನ್ನು ಹೇಳುವ ಮೊದಲು ಅವನ ಹೆಸರಿನ ಸಂಗತಿ ಹೇಳಬೇಕು. ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ.

ಅವನು ಹುಟ್ಟಿದ್ದು ನಮ್ಮ ಅಜ್ಜ ತೀರಿಕೊಂಡ ಮರುವರ್ಷ. ಗಂಡು ಹುಟ್ಟಿತು ಎಂದ ಕೂಡಲೇ ಹೆಸರಿನ ಮಾತೇ ಬರಲಿಲ್ಲ, ಅದು ಅಜ್ಜನ ಹೆಸರೇ ಆಗಬೇಕಿತ್ತು. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಂದು, ಬಗ್ಗಿ, ಅವನ ಕಿವಿಯಲ್ಲಿ ಆ ಹೆಸರು ಹೇಳಿದಳು. ನನಗೆ ತಿಳಿದಂತೆ, ಗಾರ್ಡನ್ನಿನ ಆ ದಿನದವರೆಗೆ, ನಮ್ಮ ಮನೆಯೊಳಗೆ ಆ ಹೆಸರನ್ನು ಅವನಿಗಾಗಿ ಹೇಳಿದ್ದು ಅದೊಂದೇ ದಿನ. ಯಾಕೆಂದರೆ ಆಯಿಗೆ ಅದು ಗಂಡನ ಹೆಸರು, ಬಾಯಿಯಲ್ಲಿ ತರುವಂತಿಲ್ಲ. ಅವ್ವನಿಗೆ ಅದು ಮಾವನ ಹೆಸರು, ಆಕೆಯಂತೂ ತರುವಂತೆಯೇ ಇಲ್ಲ. ಅಪ್ಪನಿಗೆ ಹಾಗೆ ನಿಷೇಧವೇನೂ ಇರಲಿಲ್ಲ. ಆದರೆ ತನ್ನ ತಂದೆಯ ಹೆಸರು ಹಿಡಿದು ಸಣ್ಣ ಕೂಸಿಗೆ "ಬಾ ಇಲ್ಲಿ, ಹೋಗು ಅಲ್ಲಿ" ಎನ್ನಲು ಅವನ ನಾಲಿಗೆ ಏಳುತ್ತಿರಲಿಲ್ಲ.

ಹೀಗಾಗಿ ಅವ್ವ ಅವನನ್ನು "ಮಾವಾರ" ಎಂದು ಕರೆದಳು. ಅಪ್ಪ "ಅಪ್ಪಾ" ಎಂದ. ಆಯಿ ಕರೆಯಲು ಯಾವ ಹೆಸರನ್ನೂ ಹುಡುಕಲಿಲ್ಲ. ಬದುಕಿದ್ದಾಗ ಅಜ್ಜನನ್ನು ಹೇಗೆ ಮಾತಾಡಿಸುತ್ತಿದ್ದಳೋ ಹಾಗೆಯೇ ಬರೀ ರಿ ಹಚ್ಚಿ ಮಾತಾಡಿಸಿದಳು. "ಉಣ್ಣ ಬರ್ರಿ." "ಮೂಗ ಒರಸಿಕೊಳ್ರಿ." "ಚಡ್ಡಿ ಹಾಕ್ಕೊಳ್ರಿ, ಮಂದಿ ನಗತಾರ." ಮನೆಗೆ ಬಂದವರು ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಆಯಿ ನಗುತ್ತಿರಲಿಲ್ಲ. ನಾನೂ ಅವ್ವನನ್ನು ನೋಡಿ "ಮಾವಾರ" ಎಂದೇ ಕರೆಯುತ್ತಿದ್ದೆ. ತಮ್ಮ ಮಾತು ಕಲಿತದ್ದು ಈ ಮಾತುಗಳ ನಡುವೆ. ತಾನೂ ಎಲ್ಲರಿಗೂ ರಿ ಹಚ್ಚುತ್ತಿದ್ದ, ನಾಯಿಗೂ ಸಹ. ಇದು ತಪ್ಪೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ನಮ್ಮ ಓಣಿಯಲ್ಲಿ ಹೀಗೆ ಅಜ್ಜನ ಹೆಸರು ಹೊತ್ತ ಮಕ್ಕಳು ಇನ್ನೂ ಇದ್ದರು, ಅವರಿಗೂ ಇಂಥವೇ ಕರೆಯುವ ಹೆಸರುಗಳಿದ್ದವು. ಊರೊಳಗೆ ಯಾವ ಮಗು ಎಲ್ಲಿ ಅಳುತ್ತ ನಿಂತರೂ ಅದು ಯಾರ ಮನೆಯದು ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಹೆಸರು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಆ ದಿನ ನಾವು ಊಟ ಮುಗಿಸಿದ್ದೆವು. ಬಿಸಿಲು ಇಳಿಯತೊಡಗಿತ್ತು. ನನಗೆ ಕಣ್ಣಿಗೆ ಕಟ್ಟಿದಂತಿರುವುದು ಇಷ್ಟು: ಅವ್ವ ನಳದ ಹತ್ತಿರ ಗಂಗಾಳ ತೊಳೆಯುತ್ತಿದ್ದಳು. ಅಪ್ಪ ಗೇಟಿನ ಹೊರಗೆ ಚುರುಮುರಿಯ ಗಿರಮಿಟ್ಟು ತರಲು ಹೋಗಿದ್ದ. ಆಯಿ ಬೇವಿನ ಬುಡಕ್ಕೆ ಒರಗಿ ಎಲೆಅಡಿಕೆಯ ಚೀಲ ಬಿಚ್ಚುತ್ತಿದ್ದಳು. ನಾನು ಆನೆಯ ಬೆನ್ನ ಮೇಲಿದ್ದೆ. ತಮ್ಮ ಸ್ವಲ್ಪ ಮೊದಲು ಆನೆಯ ಸೊಂಡಿಲ ಕೆಳಗೆ ನಿಂತು ಮೇಲಕ್ಕೆ ನೋಡುತ್ತಿದ್ದುದು ನೆನಪಿದೆ. ಅವನು ಆಯಿಯ ಬಳಿ ಹೋದನೆಂದು ನಾನು ತಿಳಿದೆ. ನನ್ನ ಬಳಿ ಇದ್ದಾನೆಂದು ಆಯಿ ತಿಳಿದಳು. ತನ್ನ ಹಿಂದೆ ಬಂದಿದ್ದವನನ್ನು ಅತ್ತೆ ಕರೆದುಕೊಂಡಳೆಂದು ಅವ್ವ ತಿಳಿದಳು. ಅಪ್ಪ ಗಿರಮಿಟ್ಟಿನ ಪೊಟ್ಟಣಗಳನ್ನು ಹಿಡಿದುಕೊಂಡು ಬಂದು, "ಅಪ್ಪಾ ಎಲ್ಲಿ?" ಎಂದು ಕೇಳಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಮೊದಲು ಯಾರೂ ಗಾಬರಿಯಾಗಲಿಲ್ಲ. ಅಪ್ಪ ಪೊಟ್ಟಣಗಳನ್ನು ಆಯಿಯ ಕೈಗೆ ಕೊಟ್ಟು ಆನೆಯ ಸುತ್ತ ತಿರುಗಿ ಬಂದ. ಅವ್ವ ಜೋಕಾಲಿಗಳ ಕಡೆ ಹೋದಳು. ಮರಳಿ ಬಂದಾಗ ಇಬ್ಬರ ನಡಿಗೆಯೂ ಬದಲಾಗಿತ್ತು. ಆಮೇಲೆ ಅವರು ಓಡತೊಡಗಿದರು, ಓಡುತ್ತ ಕೂಗತೊಡಗಿದರು.

"ಅಪ್ಪಾ! ಅಪ್ಪಾ!" ಅಪ್ಪ ಗೇಟಿನ ಕಡೆಗೆ ಹೋದ.

"ಮಾವಾರ! ಏ ಮಾವಾರ! ಎಲ್ಲಿ ಹೋದ್ರಿ?" ಅವ್ವ ಹೊಂಡದ ಕಡೆಗೆ ಹೋದಳು.

ಆಯಿ ನನ್ನ ಕೈ ಹಿಡಿದುಕೊಂಡು ಅವ್ವನ ಹಿಂದೆ ನಡೆದಳು. ಆಕೆಯೂ ಕರೆಯುತ್ತಿದ್ದಳು, ಆದರೆ ಜೋರಾಗಿ ಅಲ್ಲ. ಗಿಡದ ಮರೆ ಬಂದಾಗಲೆಲ್ಲ ಅದರ ಹಿಂದೆ ಇಣುಕಿ, "ಇಲ್ಲಿ ಅದೀರೇನ್ರಿ? ಬರ್ರಿ ಹೊರಗ. ಸಾಕು ಚಾಷ್ಟಿ," ಎನ್ನುತ್ತಿದ್ದಳು.

ಗಾರ್ಡನ್ನಿನಲ್ಲಿ ಅವತ್ತು ಸಾಕಷ್ಟು ಜನರಿದ್ದರು. ಅವರು ಒಳ್ಳೆಯ ಜನ. ಅದನ್ನು ನಾನು ಹೇಳಲೇಬೇಕು. ಒಬ್ಬಿಬ್ಬರು ಕೂಡಲೇ ಎದ್ದು ಬಂದರು. ಕನ್ನಡಕ ಹಾಕಿದ ಒಬ್ಬ ಹೆಂಗಸು ಅವ್ವನನ್ನು ತಡೆದು ಕೇಳಿದಳು: "ಯಾರ್ರೀ, ಮಾವ ಕಾಣವಲ್ರೇನ?"

"ಹೌದ್ರಿ, ನಮ್ಮ ಮಾವಾರು. ಇಲ್ಲೇ ಇದ್ರು, ಆನಿ ಹತ್ರ."

"ಕಣ್ಣ ಕಾಣತಾವೇನ್ರಿ ಅವರಿಗೆ?"

ಅವ್ವನಿಗೆ ಆ ಪ್ರಶ್ನೆ ತಿಳಿಯಲಿಲ್ಲ. "ಕಾಣತಾವ್ರಿ. ಈಗ ಉಂಡಿದ್ರು. ನಿದ್ದಿ ಹೊತ್ತು ಅವರದು," ಎಂದಳು.

"ತಲಿಗೆ ಪಟಕಾ ಸುತ್ತ್ಯಾರೇನ್ರಿ?" ಎಂದು ಇನ್ನೊಬ್ಬ ಗಂಡಸು ಕೇಳಿದ. ಅವ್ವ ಅವನನ್ನು ನೋಡಲೇ ಇಲ್ಲ. ಹೊಂಡದ ನೀರನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಆ ಹೆಂಗಸು ಕೈ ಮಾಡಿ ಕರೆದಳು: "ಬರ್ರಿ ಬರ್ರಿ, ಸಿಕ್ಕ್ರು ನಿಮ್ಮ ಮಾವಾರು!"

ಅವ್ವ ಓಡಿದಳು. ನಾವೂ ಹಿಂದಿನಿಂದ ಹೋದೆವು. ಒಂದು ಕಲ್ಲುಬೆಂಚಿನ ಮೇಲೆ ಧೋತರ ಉಟ್ಟ ಮುದುಕನೊಬ್ಬ ಬಾಯಿ ತೆರೆದು ಮಲಗಿದ್ದ. ಹೆಂಗಸು ಅವನ ಭುಜ ಅಲುಗಿಸಿ, "ಏಳ್ರಿ ಯಜಮಾನ್ರ, ನಿಮ್ಮ ಸೊಸಿ ಬಂದಾಳ," ಎಂದಳು. ಮುದುಕ ಕಣ್ಣು ತೆರೆದು ಅವ್ವನನ್ನು ಮೇಲಿನಿಂದ ಕೆಳಗೆ ನೋಡಿದ.

"ಯಾರವಾ ನೀ? ನನಗ ಮಕ್ಕಳ ಇಲ್ಲ, ಸೊಸಿ ಎಲ್ಲಿಂದ ಬಂದಿ?"

ಸುತ್ತಲಿದ್ದವರು ನಕ್ಕರು. ಅವ್ವ ಮತ್ತೆ ಹೊಂಡದ ಕಡೆಗೆ ತಿರುಗಿದಳು. ನನಗೆ ಆ ನಗುವಿನ ಸದ್ದು ಈಗಲೂ ಕಿವಿಯಲ್ಲಿ ಇದೆ. ಅದು ಕೆಟ್ಟ ನಗುವಲ್ಲ. ಅವರು ಕಂಡದ್ದನ್ನು ಕಂಡರೆ ಯಾರಾದರೂ ನಗುತ್ತಿದ್ದರು.

ಅದೇ ಹೊತ್ತಿಗೆ ಭೋಂಗಾಗಳಲ್ಲಿ ಹಾಡು ನಿಂತಿತು. ರೇಡಿಯೋ ಮನೆಯವನ ದನಿ ಕೇಳಿಸಿತು. ಅವನು ಹೇಳಿದ್ದನ್ನು ನಾನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲಿ ಹೊರಳಿಸಿ ನೋಡಿದ್ದೇನೆ, ಆದ್ದರಿಂದ ಮಾತು ಹೆಚ್ಚುಕಡಿಮೆ ಇದೇ: "ಗಾರ್ಡನ್ನಿಗೆ ಬಂದಿರುವ ಮಾವ ಅವರು ಎಲ್ಲಿದ್ದರೂ ರೇಡಿಯೋ ಮನೆಗೆ ಬರಬೇಕು. ನಿಮ್ಮ ಅಳಿಯ ಇಲ್ಲಿ ನಿಮ್ಮ ದಾರಿ ಕಾಯುತ್ತಿದ್ದಾನೆ."

ಜನ ಇನ್ನಷ್ಟು ನಕ್ಕರು. "ಇವತ್ತ ಮಾವಂದಿರೆಲ್ಲ ಕಳದಹೋದ್ರೇನಪಾ!" ಎಂದು ಯಾರೋ ಅಂದರು. ಮಾವ ಎಂದರೆ ಗಂಡನ ಅಪ್ಪ, ಹೆಂಡತಿಯ ಅಪ್ಪ, ತಾಯಿಯ ಅಣ್ಣತಮ್ಮ, ಎಲ್ಲರೂ ಹೌದು. ಅಳಿಯನೆಂದರೆ ಮೀಸೆ ಬಂದವನೂ ಆಗಬಹುದು, ಹಾಲು ಕುಡಿಯುವ ಕೂಸೂ ಆಗಬಹುದು. ನಮ್ಮ ಕಣ್ಣ ಮುಂದೆ ಬಂದದ್ದು ಯಾರೋ ಹೊಸ ಮದುವೆಯ ಅಳಿಯ, ಮಾವನಿಗಾಗಿ ಕಾಯುತ್ತ ನಿಂತವನು. ಅಪ್ಪ ಗೇಟಿನ ಬಳಿ ಇದೇ ಕರೆಯನ್ನು ಕೇಳಿದನಂತೆ, ಕೇಳಿ ರೇಡಿಯೋ ಮನೆಯ ಎದುರಿನಿಂದಲೇ "ಅಪ್ಪಾ, ಅಪ್ಪಾ" ಎಂದು ಕೂಗುತ್ತ ಹಾದುಹೋದನಂತೆ. ಬಾಗಿಲು ಇನ್ನೊಂದು ಕಡೆಗೆ ಇತ್ತು.

ಆ ಕರೆ ಇನ್ನೊಮ್ಮೆ ಬಂತು. ನಾವು ಆಗ ಮತ್ತೆ ಹೊಂಡದ ದಂಡೆಯಲ್ಲಿದ್ದೆವು. ಅಷ್ಟರಲ್ಲಿ ಯಾರಿಗೋ ತಿಳಿದಿತ್ತು, ಕಳೆದದ್ದು ಮುದುಕನಲ್ಲ, ಕೂಸು ಎಂದು. ತಿಳಿದ ಕೂಡಲೇ ನಗು ನಿಂತುಹೋಯಿತು. ಅದು ನಿಂತದ್ದು ನಗುವಿಗಿಂತ ಹೆಚ್ಚು ಅಂಜಿಸಿತು. ತೋಟದ ಮಾಲಿಯೊಬ್ಬ ತಾವರೆಯ ಕಸ ಎಳೆಯುವ ಉದ್ದನೆಯ ಬಿದಿರು ತಂದು, ಏನೂ ಮಾತಾಡದೆ, ಎಲೆಗಳನ್ನು ಸರಿಸಿ ಸರಿಸಿ ನೀರೊಳಗೆ ಇಳಿಸತೊಡಗಿದ. ಬಿದಿರು ಒಳಗೆ ಹೋಗಿ ಮೇಲೆ ಬರುವಾಗ ಅದರ ತುದಿಗೆ ಕರಿ ಕೆಸರು ಇರುತ್ತಿತ್ತು. ಆಯಿ ಕರೆಯುವುದನ್ನು ಬಿಟ್ಟಿದ್ದಳು.

"ಹಿಂಗ ಮಾವಾರ ಮಾವಾರ ಅಂದ್ರ ಹ್ಯಾಂಗ್ರಿ?" ಎಂದಳು ಕನ್ನಡಕದ ಹೆಂಗಸು. ಆಕೆ ನಮ್ಮನ್ನು ಬಿಟ್ಟು ಹೋಗಿರಲಿಲ್ಲ. "ಕೂಸಿನ ಹೆಸರ ಹಿಡದ ಕೂಗ್ರಿ. ಎಲ್ಲಿದ್ರೂ ಕೇಳಿ ಬರತಾನ."

ಅವ್ವ ತಿರುಗಿ ಆಯಿಯನ್ನು ನೋಡಿದಳು. ಅದು ಕೇಳುವ ನೋಟವೋ ಹೇಳುವ ನೋಟವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವ ನೀರಿನ ಕಡೆಗೆ ಮುಖ ಮಾಡಿದಳು. ಆಮೇಲೆ ಆ ಹೆಸರು ಹಿಡಿದು ಕೂಗಿದಳು. ಹಿಂದೆ ಮುಂದೆ ಏನೂ ಹಚ್ಚದೆ, ಅವರು ಇವರು ಅನ್ನದೆ, ಬರೀ ಹೆಸರು, ಕೊನೆಗೆ ಒಂದು "ಲೇ."

ನನ್ನ ಅವ್ವನ ಬಾಯಿಂದ ನಾನು ಆ ಹೆಸರನ್ನು ಎಂದೂ ಕೇಳಿರಲಿಲ್ಲ. ಅಜ್ಜನೇ ಎಲ್ಲಿಂದಲೋ ಎದ್ದು ಬಂದುಬಿಡುತ್ತಾನೆ ಎಂದು ನನಗೆ ಭಯವಾಯಿತು. ಆಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅವ್ವ ಮತ್ತೆ ಕೂಗಿದಳು. ಹೊಂಡದ ಈ ದಂಡೆಯಿಂದ ಆ ದಂಡೆಗೆ ಓಡುತ್ತ ಕೂಗಿದಳು. ಹೊಲದಲ್ಲಿ ದೂರದವರನ್ನು ಕರೆಯುವ ಹಾಗೆ ಕೊನೆಯ ಅಕ್ಷರವನ್ನು ಎಳೆದು ಎಳೆದು, ದನಿ ಒಡೆಯುವ ತನಕ.

ಯಾರೂ ಓಗೊಡಲಿಲ್ಲ.

ಓಗೊಡುವುದು ಹೇಗೆ? ಆ ದನಿ ರೇಡಿಯೋ ಮನೆಗೂ ಕೇಳಿಸಿತಂತೆ. ಇದು ಅಲ್ಲಿದ್ದವನೇ ಆಮೇಲೆ ಹೇಳಿದ್ದು. ಅಳುತ್ತ ಬಂದ ಹುಡುಗನನ್ನು ಯಾರೋ ಅವನ ಬಳಿ ತಂದು ಬಿಟ್ಟಿದ್ದರು. ದೂರದಿಂದ ಹೆಂಗಸಿನ ಕೂಗು ಬಂದಾಗ ಅವನು ಹುಡುಗನನ್ನು ಕೇಳಿದ: "ತಮ್ಮಾ, ಅದು ನಿನ್ನ ಹೆಸರೇನ?" ನನ್ನ ತಮ್ಮ ಅಲ್ಲ ಎಂದು ತಲೆ ಅಲ್ಲಾಡಿಸಿದ. ಅವ್ವನ ದನಿಯನ್ನೂ ಅವನು ಗುರುತಿಸಲಿಲ್ಲ. ಅಂಥ ದನಿಯನ್ನು ಅವನು ಎಂದೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ರೇಡಿಯೋ ಮನೆಯವನಿಗೆ ಕೊನೆಗೆ ಬೇಸರ ಬಂದಿರಬೇಕು. ಭೋಂಗಾದಲ್ಲಿ ಹಾಡು ಮತ್ತೆ ನಡುವೆಯೇ ತುಂಡಾಯಿತು. "ನೀನ ಕರೀಪಾ ನಿಮ್ಮ ಮಾವನ್ನ, ನನಗಂತೂ ಆಗವಲ್ದು," ಎಂಬ ಮಾತು ಅವನಿಗೇ ತಿಳಿಯದೆ ಎಲ್ಲರಿಗೂ ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಬರೀ ಉಸಿರು. ಮೂಗು ಕಟ್ಟಿದ, ಬಿಕ್ಕಿ ಬಿಕ್ಕಿ ಸಾಕಾದ ಉಸಿರು, ಗಾರ್ಡನ್ನಿನ ಎಲ್ಲ ಕಂಬಗಳಿಂದ. ಆಮೇಲೆ:

"ಆಯೀ... ಮನಿಗೆ ಹೋಗೂಣು ಬರ್ರಿ."

ಆಯಿ ನನ್ನ ಕೈ ಬಿಟ್ಟಳು. ಅವಳು ಓಡಿದ್ದನ್ನು ನಾನು ಅದರ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ದನಿ ಎಲ್ಲ ಕಡೆಯಿಂದ ಬರುತ್ತಿದ್ದುದರಿಂದ ಮೊದಲು ಹತ್ತಿರದ ಕಂಬದ ಕಡೆಗೆ ಓಡಿದಳು. ಕಂಬದ ಬುಡದಲ್ಲಿ ನಿಂತು ಮೇಲಕ್ಕೆ ನೋಡಿ, "ಇಲ್ಲೇ ಅದೀನ್ರಿ, ಬಂದೆ, ಬಂದೆ," ಎಂದು ಭೋಂಗಾಕ್ಕೆ ಹೇಳಿದಳು. ಮಾಲಿ ಬಿದಿರು ಬಿಸಾಕಿ ಬಂದು, "ಆ ಕಡೆ, ಯವ್ವಾ, ಆ ಕಡೆ," ಎಂದು ಆಕೆಯ ರಟ್ಟೆ ಹಿಡಿದು ದಾರಿ ತೋರಿಸಿದ. ಅವ್ವ ಅಷ್ಟರಲ್ಲಿ ರೇಡಿಯೋ ಮನೆ ಮುಟ್ಟಿದ್ದಳು.

ತಮ್ಮ ಒಂದು ಮೇಜಿನ ಮೇಲೆ ಕೂತಿದ್ದ. ಯಾರೋ ಕೊಟ್ಟ ಬಾಳೆಹಣ್ಣು ಸುಲಿಯದೆ ಕೈಯಲ್ಲಿ ಹಾಗೇ ಇತ್ತು. ಅವ್ವ ಅವನನ್ನು ಎತ್ತಿಕೊಂಡವಳು ಬೆನ್ನು ತಿರುಗಿಸಿ ಗೋಡೆಯ ಕಡೆ ನಿಂತುಬಿಟ್ಟಳು. ಅಪ್ಪನೂ ಏದುಸಿರು ಬಿಡುತ್ತ ಬಂದ. ರೇಡಿಯೋ ಮನೆಯವನು ಸಮಾಧಾನವೂ ಸಿಟ್ಟೂ ಕೂಡಿದ ದನಿಯಲ್ಲಿ ಅಪ್ಪನ ಮೇಲೆ ಏರಿಹೋದ.

"ಏನ್ರಿ ಮಾರಾಯರ, ಎಂಥಾ ಹುಡುಗನ್ನ ಬೆಳಸೀರಿ? ಹೆಸರೇನಪಾ ಅಂದ್ರ ಮಾವ ಅಂತಾನ. ಮಾವನ ಜೋಡಿ ಬಂದಾನ ಅಂತ ನಾ ತಿಳಕೊಂಡೆ. ಅಪ್ಪನ ಹೆಸರೇನ ಅಂದ್ರ 'ಏನ್ರಿ' ಅಂತಾನ!"

ಅವ್ವ ಅಪ್ಪನನ್ನು ಕರೆಯುತ್ತಿದ್ದುದು ಹಾಗೆಯೇ.

"ಅವ್ವನ ಹೆಸರ ಕೇಳಿದೆ. 'ಕೇಳಿದೇನ' ಅಂದ. ಕೇಳಿದ್ನೆಪಾ, ಅದಕ್ಕ ಹೇಳು ಅಂದೆ. ಮತ್ತ 'ಕೇಳಿದೇನ' ಅಂದ!"

ಅಪ್ಪ ಅವ್ವನನ್ನು ಕರೆಯುತ್ತಿದ್ದುದೂ ಹಾಗೆಯೇ.

"ಊರು?" ಎಂದು ಅಪ್ಪ ಕೇಳಿದ.

"ಊರ ಮನಿ ಅಂತ," ಎಂದು ರೇಡಿಯೋ ಮನೆಯವನು ಕೈ ಎತ್ತಿಬಿಟ್ಟ. "ಹೆಸರ ಕಲಸ್ರಿ ಮೊದಲ. ಇದು ಹಳ್ಳಿ ಅಲ್ಲರಿ, ಪ್ಯಾಟಿ."

ಅಪ್ಪ ತಲೆ ತಗ್ಗಿಸಿ ಹೌದ್ರಿ ಹೌದ್ರಿ ಎಂದ. ಬೇವಿನ ಬುಡದಲ್ಲಿ ನಮ್ಮ ಗಂಟು, ಗಡಿಗೆ, ಗಂಗಾಳ ಎಲ್ಲ ಇಟ್ಟಲ್ಲೇ ಇದ್ದವು. ಗಿರಮಿಟ್ಟನ್ನು ಆಯಿ ಎಲ್ಲಿ ಬಿಟ್ಟಳೋ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ.

ಮರಳಿ ಬರುವ ರೈಲಿನಲ್ಲಿ ನಮಗೆ ಎದುರುಬದುರಿನ ಜಾಗ ಸಿಕ್ಕಿತು. ತಮ್ಮ ಆಯಿಯ ಮಡಿಲಲ್ಲಿ ನಿದ್ದೆ ಹೋಗಿದ್ದ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಅವ್ವ ಸೀಟಿನ ಮೇಲೆ ಕೂಡದೆ ಕೆಳಗೆ ಗಂಟಿನ ಪಕ್ಕ ಕೂತಿದ್ದಳು. ಸಿಕ್ಕನಲ್ಲ ಎಂಬ ಸಂತೋಷ ಇಷ್ಟು ಹೊತ್ತಿಗೆ ಮಾತಾಗಿ ಹೊರಬರಬೇಕಿತ್ತು. ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ನನಗೂ ತಿಳಿಯುತ್ತಿತ್ತು. ಹೊಂಡದ ದಂಡೆಯ ಮೇಲೆ ಅವ್ವ ಕೂಗಿದ್ದನ್ನು ಎಲ್ಲರೂ ಕೇಳಿದ್ದೆವು. ಅತ್ತೆಯ ಎದುರಿಗೆ, ಮಂದಿಯ ನಡುವೆ, ತೀರಿಹೋದ ಮಾವನ ಹೆಸರನ್ನು ಲೇ ಹಚ್ಚಿ. ನಮ್ಮ ಕಡೆ ಅತ್ತೆ ಸೊಸೆಯರ ಮಾತು ಇದಕ್ಕಿಂತ ಸಣ್ಣ ಕಾರಣಕ್ಕೆ ವರ್ಷಗಟ್ಟಲೆ ನಿಂತುಹೋದ ಮನೆಗಳನ್ನು ನಾನು ಕಂಡಿದ್ದೆ.

ರೈಲು ಬಿಟ್ಟು ಸ್ವಲ್ಪ ಹೊತ್ತಿಗೆ ಅವ್ವ ಮುಂದಕ್ಕೆ ಬಾಗಿ ಆಯಿಯ ಕಾಲು ಮುಟ್ಟಲು ಕೈ ಚಾಚಿದಳು. ಆಯಿ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡಳು. ಅವ್ವನ ಕೈ ಹಾಗೇ ಉಳಿಯಿತು. ಅಪ್ಪ ಅದನ್ನು ಕಂಡ. ಕಂಡು ಮತ್ತೆ ಕಿಟಕಿಯ ಹೊರಗೆ ನೋಡಿದ.

ಕುಂದಗೋಳ ದಾಟಿದ ಮೇಲೆ ಆಯಿ ಮಾತಾಡಿದಳು. ಮಲಗಿದ ಕೂಸು ಏಳಬಾರದೆಂದು ಸಣ್ಣ ದನಿಯಲ್ಲಿ.

"ಏನಂದಿಬೇ ನೀ ಅಲ್ಲಿ?"

"ತಪ್ಪಾತ್ರಿ ಅತ್ತಿ. ಬಾಯಿಗೆ ಬಂದಬಿಟ್ಟಿತು."

"ತಪ್ಪಾತು ಅಂತ ನಾ ಅಂದ್ನೇನ? ಏನಂದಿ ಅಂತ ಕೇಳಾಕತ್ತೀನಿ."

ಅವ್ವನ ಕಣ್ಣೀರು ಹನಿಹನಿಯಾಗಿ ಬುತ್ತಿಯ ಗಂಟಿನ ಮೇಲೆ ಬೀಳುತ್ತಿತ್ತು.

"ಇನ್ನೊಮ್ಮೆ ಅನ್ನು," ಎಂದಳು ಆಯಿ.

ಅವ್ವ ತಲೆ ಎತ್ತಿದಳು. ಅಪ್ಪನೂ ತಿರುಗಿ ನೋಡಿದ. ಅತ್ತೆ ಕುಟುಕುತ್ತಿದ್ದಾಳೆ ಎಂದೇ ಅವ್ವ ತಿಳಿದಿರಬೇಕು. ಹಾಗೆ ತಿಳಿದದ್ದು ಆಯಿಗೂ ಕಂಡಿರಬೇಕು, ಯಾಕೆಂದರೆ ಆಕೆ ಕೈ ಚಾಚಿ ಅವ್ವನ ಗದ್ದ ಮುಟ್ಟಿದಳು.

"ಖರೇನ ಹೇಳತೀನಿ. ನಾ ಮದುವ್ಯಾಗಿ ಬಂದಾಗಿಂದ ನನ್ನ ಬಾಯಾಗ ಬಂದಿಲ್ಲ ಆ ಹೆಸರು. ಆದರ ಕಿವಿ ಮ್ಯಾಲೆ ದಿನಾ ಬೀಳ್ತಿತ್ತು. ಬಾಗಲಾಗ ನಿಂತ ಕರಿಯಾವರು, ಹೊಲದಾಗಿಂದ ಕರಿಯಾವರು. ಅವರ ಜೋಡಿ ಆಡಿ ಬೆಳದ ವಾರಗಿ ಮಂದಿ ಒಬ್ಬೊಬ್ಬರ ಹ್ವಾದ್ರು. ಈಗ ಕರಿಯಾಕ ಯಾರ ಉಳದಾರ? ಕೂಸಿಗೆ ಇಟ್ಟೇವಿ ಅಂತ ಅಂದ್ವಿ. ಇಟ್ಟಿದ್ದ ಹೌದು, ಯಾರೂ ಕರೀಲೇ ಇಲ್ಲಲ್ಲ."

ರೈಲು ಒಂದು ಸೇತುವೆ ದಾಟಿತು. ಆ ಸದ್ದು ಮುಗಿಯುವ ತನಕ ಆಕೆ ಕಾದಳು.

"ಅನ್ನು."

ಅವ್ವ ಹೇಳಿದಳು. ತೀರ ಮೆಲ್ಲಗೆ, ಹಿಂದೆ "ಅವರು" ಎಂದು ಹಚ್ಚಿ.

"ಹಂಗಲ್ಲ. ಅಲ್ಲಿ ಹ್ಯಾಂಗ ಅಂದಿ, ಹಂಗ. ಲೇ ಹಚ್ಚಿ ಅನ್ನು." ಆಯಿ ಕಣ್ಣು ಮುಚ್ಚಿದ್ದಳು. "ನಮ್ಮತ್ತಿ ಹಂಗ ಕರಿತಿದ್ಲು ಅವರನ್ನ. ಮಾಳಿಗಿ ಮ್ಯಾಲೆ ನಿಂತು, ಹೊತ್ತ ಮುಣಗೂ ಮುಂದ. ನಾ ಆಗ ಸಣ್ಣಾಕಿ, ಒಳಗ ನಿಂತ ಕೇಳ್ತಿದ್ದೆ."

ಅವ್ವ ಮತ್ತೆ ಹೇಳಿದಳು. ಈ ಸಲ ಅಪ್ಪ ಮುಖ ಅತ್ತ ತಿರುಗಿಸಿಕೊಂಡ. ಎದುರಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. ಸೊಸೆ ಏನೋ ಒಂದು ಮಾತು ಅನ್ನುತ್ತಾಳೆ, ಮುದುಕಿ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಅನ್ನಿಸುತ್ತಾಳೆ. ಆಕೆಗೆ ಇದು ಏನೆಂದು ತಿಳಿದಿರಲಿಕ್ಕಿಲ್ಲ.

ಮರುದಿನದಿಂದ ಅವ್ವ ತಮ್ಮನನ್ನು ಹೆಸರು ಹಿಡಿದು ಕರೆಯತೊಡಗಿದಳು. ಮೊದಮೊದಲು ಅವಳ ದನಿ ಅಡುಗೆಮನೆಯ ಹೊಸ್ತಿಲಲ್ಲಿ ತೊಡರುತ್ತಿತ್ತು. ಓಣಿಯ ಹೆಂಗಸರು ಬಾಯಿ ಮೇಲೆ ಬೆರಳಿಟ್ಟರು. "ಅತ್ತಿ ಇದ್ದಂಗ ಮಾವನ ಹೆಸರ ತಗೋತಾಳಂತ!" ಎಂದು ಬಾವಿಕಟ್ಟೆಯಲ್ಲಿ ಮಾತಾಯಿತು. ಆ ಮಾತನ್ನು ತಂದು ಮುಟ್ಟಿಸಿದವಳಿಗೆ ಆಯಿ, "ಕೂಸಿನ ಹೆಸರ ಕರದ್ರ ನಿನಗ್ಯಾಕಬೇ ಬ್ಯಾನಿ? ನಿಮ್ಮ ಮನಿಯಾಗ ಹೆಸರಿಲ್ಲದಾವ ಅದಾವೇನ?" ಎಂದು ಕೇಳಿ ಕಳಿಸಿದಳು. ತಮ್ಮನಿಗೆ ಮಾತ್ರ ಬಹಳ ದಿನ ಹಿಡಿಯಿತು. ಕರೆದರೆ ತಿರುಗುತ್ತಿರಲಿಲ್ಲ, ಹಿಂದೆ ಯಾರೋ ನಿಂತಿದ್ದಾರೆಂದು ನೋಡುತ್ತಿದ್ದ. ಅವ್ವ ಅವನ ಎದೆಯ ಮೇಲೆ ಬೆರಳಿಟ್ಟು, "ಇದು ನೀನ," ಎಂದು ಹೇಳಿಕೊಡುತ್ತಿದ್ದಳು. ಆಯಿ ಆಗ ಬೇಳೆ ಹಸನು ಮಾಡುತ್ತ ಅಲ್ಲೇ ಕೂತಿರುತ್ತಿದ್ದಳು. ತಾನು ಆ ಹೆಸರನ್ನು ಒಮ್ಮೆಯೂ ಹೇಳಲಿಲ್ಲ, ಸಾಯುವ ತನಕ ಹೇಳಲಿಲ್ಲ. ರಿ ಹಚ್ಚುವುದನ್ನೂ ಬಿಡಲಿಲ್ಲ.

ಇನ್ನು ಗಾರ್ಡನ್ನಿನ ಹೆಸರು ತೆಗೆಯಬೇಡಿ ಎಂದಿದ್ದವನು ಅಪ್ಪ. ಮಳೆಗಾಲ ಮುಗಿದ ಮೇಲೆ ಒಂದು ಅಮವಾಸ್ಯೆಯ ಹಿಂದಿನ ದಿನ, ಹೋಗೋಣವೆಂದು ಹಟ ಹಿಡಿದವಳು ಆಯಿ. ಅಪ್ಪ ಅಂಜುತ್ತಲೇ ಒಪ್ಪಿದ. ಅವತ್ತು ನಾನು ಆನೆ ಹತ್ತಲಿಲ್ಲ, ಹತ್ತು ಎಂದು ಯಾರೂ ಅನ್ನಲಿಲ್ಲ. ಹೊಂಡದ ಕಡೆಗೆ ನಾವು ಯಾರೂ ನೋಡುತ್ತಿರಲಿಲ್ಲ. ಉಂಡು ಕೈ ತೊಳೆದ ಮೇಲೆ ಅವ್ವ ತಮ್ಮನ ಅಂಗಿಯ ಚುಂಗನ್ನು ಬಿಟ್ಟಳು. ಅವನು ನಮ್ಮಿಂದ ಒಂದು ಮಾರು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹುಲ್ಲು ಕಿತ್ತು ಗುಡ್ಡೆ ಹಾಕತೊಡಗಿದ.

ಆಯಿ ಅವನನ್ನೇ ನೋಡುತ್ತಿದ್ದಳು. ಆಮೇಲೆ ಅವ್ವನ ಮೊಣಕೈ ಮುಟ್ಟಿದಳು.

"ಅವರು ದೂರ ಹ್ವಾದ್ರು ನೋಡು," ಎಂದಳು. "ಕರಿ."

ಅವ್ವ ಒಮ್ಮೆ ತಮ್ಮನನ್ನು ನೋಡಿದಳು, ಒಮ್ಮೆ ಅತ್ತೆಯನ್ನು ನೋಡಿದಳು. ಆಮೇಲೆ ಆಟದ ಬಯಲಿನ ಆಚೆಯವರೆಗೂ ಕೇಳುವ ಹಾಗೆ, ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು, ಕರೆದಳು.